ರಾಗ ಹಾಕಿದವರಿಗೆ ಎಷ್ಟು?

ಸಂಘದ ಕಾರ್ಯಕಾರಿ ಸಮಿತಿಯ ಸಭೆ ಹೇಗಿರುತ್ತದೆಂದು ಹೊರನಾಡ ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಏಳು ಗಂಟೆಗೆಂದು ಕರೆದ ಸಭೆ ಎಂಟೂಕಾಲಿಗೆ ಕೂಡುತ್ತದೆ. ಅರ್ಧ ಜನರ ಗಾಡಿ ಮುಂಬ್ರಾದ ಹತ್ತಿರ ನಿಂತಿರುತ್ತದೆ. ಕೋಣೆಯ ಬೀಗದ ಕೈ ಯಾರ ಬಳಿ ಇದೆಯೋ ಅವರೇ ಎಲ್ಲರಿಗಿಂತ ತಡವಾಗಿ ಬರುತ್ತಾರೆ. ಚಹ ಬರುವ ತನಕ ಯಾರೂ ವಿಷಯಕ್ಕೆ ಕೈಹಾಕುವುದಿಲ್ಲ. ಚಹ ಬಂದ ಮೇಲೆ ಎಲ್ಲರಿಗೂ ಮನೆಗೆ ಹೋಗುವ ಅವಸರ.

ನಾವು ಗಂಡ-ಹೆಂಡತಿ ಡೊಂಬಿವಲಿಗೆ ಬಂದದ್ದು 1979ರಲ್ಲಿ. ಅಂದಿನಿಂದಲೂ ಸಂಘದ ಸದಸ್ಯರು. ಹಲವು ವರ್ಷ ಖಜಾಂಚಿಗಿರಿ ನಮ್ಮ ಮನೆಯಲ್ಲೇ ಇತ್ತು. ಹೆಸರಿಗೆ ಒಬ್ಬರು, ಲೆಕ್ಕಕ್ಕೆ ಇಬ್ಬರು. ಒಬ್ಬರು ಪಾವತಿ ಬರೆದರೆ ಇನ್ನೊಬ್ಬರು ಕೂಡಿಸಿ ನೋಡುವುದು. ಆದ್ದರಿಂದ ಈ ಬರಹದಲ್ಲಿ ‘ನಾವು’ ಎಂದಿರುವುದು ದೊಡ್ಡಸ್ತಿಕೆಗಲ್ಲ. ಇಬ್ಬರೂ ಸೇರಿಯೇ ಹೇಳುತ್ತಿದ್ದೇವೆ. ತಪ್ಪಿನಲ್ಲೂ ಇಬ್ಬರದು ಸಮಪಾಲು.

ಈ ಸಲದ ಸಭೆಯ ಮುಖ್ಯ ವಿಷಯ ವಾರ್ಷಿಕೋತ್ಸವ. ಎಂಬತ್ತು-ತೊಂಬತ್ತರ ದಶಕಗಳಲ್ಲಿ ನಮ್ಮ ವೇದಿಕೆಗಾಗಿಯೇ ರಾಗ ಹಾಕಿಸಿ ಹಾಡಿಸಿದ್ದ ಭಾವಗೀತೆಗಳನ್ನು ಹುಡುಕಿ ತೆಗೆದು ಇಂದಿನ ಮಕ್ಕಳಿಂದ ಹಾಡಿಸಬೇಕು, ಟಿಕೆಟ್ಟು ಇಡಬೇಕು, ಬಂದ ಹಣವನ್ನು ವಿದ್ಯಾರ್ಥಿ ನಿಧಿಗೆ ಹಾಕಬೇಕು ಎಂದು ಮೊದಲೇ ತೀರ್ಮಾನವಾಗಿತ್ತು. ಕಾರ್ಯದರ್ಶಿಗಳು ಖರ್ಚಿನ ಅಂದಾಜು ಓದಿದರು. ನಾಟ್ಯಗೃಹದ ಬಾಡಿಗೆ, ಮೈಕು, ದೀಪ, ತಬಲಾದವರಿಗೆ, ಕೀಬೋರ್ಡಿನವರಿಗೆ, ಮಕ್ಕಳ ಉಪಾಹಾರ, ಬ್ಯಾನರು, ಹಾರ, ಶಾಲು, ಸ್ಮರಣಿಕೆ. ‘ಎಲ್ಲ ಬಂತಲ್ಲ?’ ಎಂದು ಕನ್ನಡಕ ತೆಗೆದರು.

ಆಗ ಮೂಲೆಯಿಂದ ಒಂದು ಸಣ್ಣ ದನಿ. ‘ಅಂಕಲ್, ರಾಗ ಹಾಕಿದವರಿಗೆ ಎಷ್ಟು?’

ಕೇಳಿದವಳು ಈ ವರ್ಷವೇ ಸಮಿತಿಗೆ ಬಂದ ಹುಡುಗಿ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಐರೋಲಿಯ ಒಂದು ಕಂಪನಿಯಲ್ಲಿ ಕೆಲಸ. ಕನ್ನಡ ಮಾತಾಡುತ್ತಾಳೆ, ಓದುವಾಗ ಮಾತ್ರ ಒತ್ತಕ್ಷರ ಬಂದಲ್ಲಿ ಕೊಂಚ ತಡವರಿಸುತ್ತಾಳೆ. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಎಂದುಕೊಂಡು ಕೇಳಿದಳು, ಅಷ್ಟೆ. ಸಭೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಯಾರೋ ‘ರಾಗ ಹಾಕಿದ್ದು ನಮ್ಮ ಮಾಸ್ತರು ಮಗಾ, ಅವರು ತೀರಿಹೋಗಿ ಎಷ್ಟು ಕಾಲವಾಯ್ತು’ ಎಂದರು. ‘ಹೌದಾ? ಹಾಗಾದರೆ ಅವಾಗ ಎಷ್ಟು ಕೊಟ್ಟಿದ್ರಿ?’ ಎಂದು ಅವಳು ಮತ್ತೆ ಕೇಳಿದಳು. ಎಲ್ಲರೂ ನಮ್ಮ ಕಡೆ ನೋಡಿದರು. ಆ ಕಾಲದ ಖಜಾಂಚಿಗಳು ನಾವೇ ಅಲ್ಲವೇ!

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು.

ಮಾಸ್ತರು ಗದಗದ ಕಡೆಯವರು. ಬಾಲ್ಯದಲ್ಲಿ ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಕೆಲಕಾಲ ಹಾರ್ಮೋನಿಯಂ ಕಲಿತು, ಹೊಟ್ಟೆಪಾಡಿಗಾಗಿ ಇತ್ತ ಬಂದು, ಡೊಂಬಿವಲಿ ಎಂ.ಐ.ಡಿ.ಸಿ.ಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕಾರಕೂನರಾಗಿದ್ದರು. ಠಾಕುರ್ಲಿಯ ಚಾಳಿನಲ್ಲಿ ಒಂದೂವರೆ ಖೋಲಿಯ ಬಿಡಾರ. 1981ರಲ್ಲಿ ಯಾರೋ ಅವರನ್ನು ಸಂಘಕ್ಕೆ ಕರೆತಂದರು. ನಮ್ಮಲ್ಲಿ ಆಗ ನಾಟಕವಿತ್ತು, ಯಕ್ಷಗಾನವಿತ್ತು, ಭಜನೆಯಂತೂ ಲೋಕಲ್ ಗಾಡಿಯಲ್ಲೂ ಇತ್ತು. ಆದರೆ ಕನ್ನಡದ ಕವಿತೆಗೆ ನಮ್ಮದೇ ಆದ ರಾಗ ಹಾಕಿ ಹಾಡುವುದು ಇರಲಿಲ್ಲ. ರೇಡಿಯೋದಲ್ಲಿ ಬಂದದ್ದನ್ನೇ ಹಾಡುತ್ತಿದ್ದೆವು. ಮಾಸ್ತರು ಅದನ್ನು ಬದಲಿಸಿದರು.

ಕವಿತೆಯನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಅಂಗಿಯ ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದರು. ಕಾರ್ಖಾನೆಗೆ ನಡೆದು ಹೋಗುವಾಗ, ಬರುವಾಗ ಎಂಟು-ಹತ್ತು ದಿನ ಬಾಯಲ್ಲಿ ಅಂದುಕೊಳ್ಳುವುದು. ‘ಪದ ಮೊದ್ಲ ಬಾಯಾಗ ಕರಗಬೇಕ್ರಿ, ಆಮ್ಯಾಲೆ ರಾಗ ತಾನ ಬರ್ತದ’ ಎನ್ನುತ್ತಿದ್ದರು. ಮುಂದಿನ ಭಾನುವಾರದಿಂದ ನಮ್ಮ ಮನೆಯ ನಡುಕೋಣೆಯಲ್ಲಿ ತಾಲೀಮು. ಮಂಚವನ್ನು ಗೋಡೆಗೆ ನಿಲ್ಲಿಸಿ ಜಾಗ ಮಾಡುತ್ತಿದ್ದೆವು. ಹದಿನೈದು-ಇಪ್ಪತ್ತು ಮಕ್ಕಳು. ಮನೆಯಲ್ಲಿ ತುಳು, ಕೊಂಕಣಿ ಆಡುವ ಮಕ್ಕಳು, ಬೀದಿಯಲ್ಲಿ ಮರಾಠಿ ಆಡುವ ಮಕ್ಕಳು, ಶಾಲೆಯಲ್ಲಿ ಇಂಗ್ಲಿಷ್ ಓದುವ ಮಕ್ಕಳು. ಮಾಸ್ತರ ಮುಂದೆ ಕುಳಿತಾಗ ಮಾತ್ರ ಎಲ್ಲರ ಬಾಯಲ್ಲೂ ಅಚ್ಚ ಕನ್ನಡ. ನಮ್ಮ ಅನೇಕರ ಮಕ್ಕಳಿಗೆ ಕನ್ನಡ ಉಳಿದದ್ದು ಆ ಹಾಡುಗಳಿಂದ ಎಂದರೆ ಅತಿಶಯೋಕ್ತಿಯಲ್ಲ. ಪಠ್ಯಪುಸ್ತಕ ಇಲ್ಲದವರಿಗೆ ಅವರು ರಾಗದಲ್ಲಿ ಅಕ್ಷರ ಕಲಿಸಿದರು.

ಇಂಥವರಿಗೆ ನಾವು ಏನು ಕೊಡುತ್ತಿದ್ದೆವು? ವಾರ್ಷಿಕೋತ್ಸವದ ದಿನ ವೇದಿಕೆಗೆ ಕರೆದು ಶಾಲು ಹೊದಿಸಿ, ತೆಂಗಿನಕಾಯಿ ಕೈಗಿತ್ತು, ‘ನಿಸ್ವಾರ್ಥ ಸೇವೆ’ ಎಂಬ ಮಾತನ್ನು ಮೂರು ಸಲ ಹೇಳುತ್ತಿದ್ದೆವು. ಮೈಕಿನವನು ಮರುದಿನ ಬೆಳಗ್ಗೆಯೇ ಬಿಲ್ಲು ಹಿಡಿದು ಬಾಗಿಲಿಗೆ ಬರುತ್ತಿದ್ದ; ಅವನಿಗೆ ಕೊಟ್ಟೆವು. ಪೆಂಡಾಲಿನವನಿಗೆ ಕೊಟ್ಟೆವು. ಉಪ್ಪಿಟ್ಟು ಮಾಡಿದವರಿಗೆ ಕೊಟ್ಟೆವು. ಮಾಸ್ತರು ಕೇಳಲಿಲ್ಲ, ನಾವು ಕೊಡಲಿಲ್ಲ.

ಇನ್ನೊಂದು ಸಂಗತಿ ಹೇಳದೆ ಬಿಟ್ಟರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ನಮ್ಮ ಮಗ ಮಾಸ್ತರ ಬಳಿ ನಾಲ್ಕು ವರ್ಷ ಹಾರ್ಮೋನಿಯಂ ಕಲಿತ. 1987ರಲ್ಲಿ ಹತ್ತನೆಯ ತರಗತಿ ಮುಗಿಸಿದವನು ‘ಸಂಗೀತವನ್ನೇ ಕಲಿಯುತ್ತೇನೆ, ಮ್ಯೂಜಿಕ್ ಡೈರೆಕ್ಟರ್ ಆಗುತ್ತೇನೆ’ ಎಂದು ಹಟ ಹಿಡಿದ. ಹತ್ತಿರದಲ್ಲೇ ಮುಂಬಯಿ ಇದೆ, ಸ್ಟುಡಿಯೋಗಳಿವೆ, ಏಕಾಗಬಾರದು ಎಂದು ಅವನ ವಾದ. ಬಾಡಿಗೆ, ರೇಷನ್, ಊರಿಗೆ ಕಳಿಸುವ ದುಡ್ಡು ಎಂದು ತಿಂಗಳ ಕೊನೆಗೆ ಬೆರಳು ಮಡಿಸಿ ಎಣಿಸುತ್ತಿದ್ದ ನಾವು ಬೆದರಿದೆವು. ಮಗನಿಗೆ ನಾವೇ ಬೇಡವೆನ್ನುವ ಬದಲು ಮಾಸ್ತರ ಬಾಯಿಂದ ಹೇಳಿಸಬೇಕೆಂದು ಅವರನ್ನು ಊಟಕ್ಕೆ ಕರೆದೆವು. ಊಟವಾದ ಮೇಲೆ ಎಲೆಯಡಿಕೆ ತಟ್ಟೆ ಮುಂದಿಟ್ಟು ಕೇಳಿದೆವು. ‘ಮಾಸ್ತರೇ, ಈ ರಾಗ ಹಾಕುವವರಿಗೆಲ್ಲ ಎಷ್ಟು ಸಿಗುತ್ತದೆ?’

ಅವರು ಅಡಿಕೆ ಆರಿಸುತ್ತ ನಕ್ಕರು. ‘ಅದನ್ನ ನನ್ನ ಯಾಕ ಕೇಳ್ತೀರಿ ಸಾಹೇಬ್ರ? ಕೊಡಾವ್ರನ್ನ ಕೇಳ್ರಿ.’

ನಾವೂ ನಕ್ಕೆವು. ಮಗ ಡಿಪ್ಲೊಮಾಕ್ಕೆ ಸೇರಿದ. ಈಗ ಪುಣೆಯಲ್ಲಿದ್ದಾನೆ, ಕಾರ್ಖಾನೆಯಲ್ಲಿ ಒಳ್ಳೆಯ ಹುದ್ದೆ. ಹಾರ್ಮೋನಿಯಂ ನಮ್ಮ ಮಂಚದ ಕೆಳಗಿದೆ.

ಆ ಹುಡುಗಿ ಕೇಳಿದ ಮೇಲೆ ಮಾಸ್ತರ ಆ ಮಾತು ಮತ್ತೆ ಮತ್ತೆ ನೆನಪಾಯಿತು. ಹಾಗಿದ್ದರೆ ಒಮ್ಮೆ ಕೇಳಿಯೇ ನೋಡೋಣ ಎಂದು ಹೊರಟೆವು. ನಿವೃತ್ತರಿಗೆ ಸಮಯಕ್ಕೇನು ಕೊರತೆ! ವಕೀಲರಾದ ಸದಸ್ಯರೊಬ್ಬರನ್ನು ಹಿಡಿದು ಕಾನೂನು ಓದಿಸಿದೆವು. ಒಂದು ಕಾಲಕ್ಕೆ ಸ್ಟುಡಿಯೋಗಳಲ್ಲಿ ಪಿಟೀಲು ನುಡಿಸುತ್ತಿದ್ದ ಪಕ್ಕದ ಕಟ್ಟಡದ ಹಿರಿಯರ ಬಳಿ ಕುಳಿತೆವು. ತಿಳಿದದ್ದನ್ನು ಚಿಕ್ಕದಾಗಿ ಹೇಳುತ್ತೇವೆ.

ಸಿನಿಮಾದ ಸಂಗೀತ ನಿರ್ದೇಶಕರೆಂದರೆ ಕೋಟಿ ಎಣಿಸುವವರೆಂದು ನಮ್ಮೆಲ್ಲರ ಭಾವನೆ. ಕೆಲವರು ಎಣಿಸುತ್ತಾರೆ, ನಿಜ. 1944ರ ‘ರತನ್’ ಚಿತ್ರದ ಹಾಡುಗಳು ಮನೆಮಾತಾದ ಮೇಲೆ ನೌಷಾದರು ಒಂದು ಚಿತ್ರಕ್ಕೆ 25,000 ರೂಪಾಯಿ ಪಡೆಯತೊಡಗಿದರು. ಆ ಕಾಲಕ್ಕೆ ಅದು ಕಣ್ಣು ಕುಕ್ಕುವ ಮೊತ್ತ. ಆದರೆ ಅದು ಶಿಖರದ ಮಾತು. ಶಿಖರದ ಕೆಳಗೆ ಬೆಟ್ಟವಿದೆ. ಸ್ಟುಡಿಯೋದಲ್ಲಿ ನುಡಿಸುತ್ತಿದ್ದವರಿಗೆ ಪಾಳಿಯ ಲೆಕ್ಕದಲ್ಲಿ ಕೂಲಿ. ಹಾಡು ಮುಂದೆ ಐವತ್ತು ವರ್ಷ ಬಾಳಿದರೂ ಅವರ ಪಾಲಿಗೆ ಅದು ಆ ದಿನವೇ ಮುಗಿಯಿತು. ವಾದ್ಯಗಳನ್ನು ಹೊಂದಿಸಿ ಒಬ್ಬೊಬ್ಬರಿಗೂ ಸ್ವರ ಬರೆದುಕೊಡುತ್ತಿದ್ದ ಗೋವೆಯ ಸಂಗೀತಗಾರರ ಹೆಸರಂತೂ ಸಾಮಾನ್ಯವಾಗಿ ಪರದೆಯ ಮೇಲೆ ಬರುತ್ತಲೇ ಇರಲಿಲ್ಲ. ಅವರಲ್ಲೊಬ್ಬರಾದ ಆಂಥನಿ ಗೊನ್ಸಾಲ್ವಿಸರ ಹೆಸರು ದೇಶಕ್ಕೆಲ್ಲ ತಿಳಿದದ್ದು 1977ರ ‘ಅಮರ್ ಅಕ್ಬರ್ ಆಂಥನಿ’ ಚಿತ್ರದ ಹಾಡಿನಿಂದ. ಶಿಷ್ಯ ಪ್ಯಾರೇಲಾಲ್ ಗುರುವಿಗೆ ಸಲ್ಲಿಸಿದ ಕಾಣಿಕೆ ಅದು.

ಸಂಗೀತ ನಿರ್ದೇಶಕರಿಗೆ ದುಡ್ಡು ಬರುವ ದಾರಿ ಮುಖ್ಯವಾಗಿ ಎರಡು. ಒಂದು, ನಿರ್ಮಾಪಕರು ಒಟ್ಟಾಗಿ ಕೊಡುವ ಸಂಭಾವನೆ. ಈಚೆಗೆ ಇದು ಬಹುಮಟ್ಟಿಗೆ ‘ಪ್ಯಾಕೇಜ್’ ಆಗಿದೆ. ಅಂದರೆ ಮದುವೆ ಅಡುಗೆಯ ಗುತ್ತಿಗೆಯಂತೆ. ಹತ್ತು ಲಕ್ಷಕ್ಕೆ ಒಪ್ಪಂದವಾಯಿತೆಂದು ಇಟ್ಟುಕೊಳ್ಳಿ. ಸ್ಟುಡಿಯೋ ಬಾಡಿಗೆ, ಹಾಡುವವರು, ನುಡಿಸುವವರು, ಧ್ವನಿ ಹದಗೊಳಿಸುವವರು, ಎಲ್ಲರಿಗೂ ಸಂಗೀತ ನಿರ್ದೇಶಕರೇ ಆ ಹತ್ತರಲ್ಲಿ ಕೊಡಬೇಕು. ಕೊಟ್ಟು ಉಳಿದದ್ದೇ ಗಳಿಕೆ. ಹೊಸಬರು ಒಳ್ಳೆಯ ವಾದ್ಯಗಾರರನ್ನು ಕರೆಸಿದರೆ ತಮ್ಮ ಎಲೆಗೆ ತಾವೇ ಬಡಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ಪತ್ರಿಕೆಯಲ್ಲಿ ಬರುವ ‘ಇಷ್ಟು ಲಕ್ಷ’ ಎಂಬ ಸುದ್ದಿಯ ಹಿಂದೆ ಇಂಥ ಲೆಕ್ಕವೂ ಇರುತ್ತದೆಂದು ನಮಗೆ ತಿಳಿದಿರಲಿಲ್ಲ.

ಎರಡನೆಯದು ರಾಯಲ್ಟಿ, ಎಂದರೆ ಹಾಡು ಎಲ್ಲೆಲ್ಲಿ ದುಡಿಯುತ್ತದೋ ಅಲ್ಲಲ್ಲಿಂದ ಬರುವ ಪಾಲು. ತೆಂಗಿನ ಸಸಿ ನೆಟ್ಟವನಿಗೆ ಕಾಯಿ ಬಂದಾಗಲೆಲ್ಲ ಒಂದು ಪಾಲು ಸಿಕ್ಕ ಹಾಗೆ. ಇದನ್ನು ವಸೂಲು ಮಾಡಿ ಹಂಚಲೆಂದು ಮುಂಬಯಿಯಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಎಂಬ ಸಂಸ್ಥೆ 1969ರಲ್ಲೇ ಹುಟ್ಟಿತ್ತು. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯನ್ನು ವಿವರಿಸುತ್ತ ಸುಪ್ರೀಂ ಕೋರ್ಟು 1977ರಲ್ಲಿ ಒಂದು ತೀರ್ಪು ಕೊಟ್ಟಿತು. ನಿರ್ಮಾಪಕರು ಹಣ ಕೊಟ್ಟು ಚಿತ್ರಕ್ಕಾಗಿ ರಾಗ ಹಾಕಿಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದರ ಒಡೆತನ ನಿರ್ಮಾಪಕರದೇ ಎಂದು. ನೆಟ್ಟವನಿಗೆ ಅಂದಿನ ಕೂಲಿ, ಮರ ತೋಟದವನದು. ಅದೇ ತೀರ್ಪಿಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ತಮ್ಮದೊಂದು ಟಿಪ್ಪಣಿ ಸೇರಿಸಿ, ಹಾಡುವವರಿಗಂತೂ ಕಾನೂನಿನಲ್ಲಿ ಹಕ್ಕೇ ಇಲ್ಲವಲ್ಲ ಎಂದು ಮರುಗಿದರು.

ಮುಂದೆ ಮೂವತ್ತೈದು ವರ್ಷ ಹೀಗೆಯೇ ನಡೆಯಿತು. 2012ರಲ್ಲಿ, ಆಗ ರಾಜ್ಯಸಭೆಯಲ್ಲಿದ್ದ ಕವಿ ಜಾವೇದ್ ಅಖ್ತರ್ ಮುಂತಾದವರ ಪಟ್ಟಿನಿಂದ, ಕಾಯಿದೆಗೆ ತಿದ್ದುಪಡಿಯಾಯಿತು. ಈಗ ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟು, ಉಳಿದ ಯಾವ ರೀತಿಯಲ್ಲಿ ಹಾಡು ಬಳಕೆಯಾದರೂ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಸಮಪಾಲು ಉಂಟು. ಆ ಹಕ್ಕನ್ನು ಅವರಿಂದ ಬರೆಸಿಕೊಳ್ಳುವಂತೆಯೂ ಇಲ್ಲ. 2022–23ರಲ್ಲಿ ಆ ಸೊಸೈಟಿಯ ಆದಾಯ ಸುಮಾರು 560 ಕೋಟಿ ರೂಪಾಯಿ. ಈ ಮೊತ್ತದಲ್ಲಿ ಮೊಬೈಲಿನ ಪಾಲಿದೆ, ಟಿ.ವಿ.ಯ ಪಾಲಿದೆ, ನಮ್ಮವರ ಹೋಟೆಲುಗಳ ಪಾಲೂ ಇದೆ. ಮಾನಪಾಡಾ ರಸ್ತೆಯ ಹೋಟೆಲು ಮಾಲೀಕ ಮಿತ್ರರೊಬ್ಬರು, ‘ಇಡ್ಲಿಗೆ ಚಟ್ನಿ ಪುಕ್ಕಟೆ, ಆದರೆ ಹಾಡಿಗೆ ಲೈಸೆನ್ಸು ಬೇಕಂತೆ ಮಾರಾಯ್ರೆ’ ಎಂದು ಗೊಣಗುತ್ತಿದ್ದರು. ಚಟ್ನಿಯ ತೆಂಗಿನಕಾಯಿಯೂ ಪುಕ್ಕಟೆ ಬರುವುದಿಲ್ಲವಲ್ಲ ಎಂದೆವು. ಬಿಲ್ಲಿನಲ್ಲಿ ಆ ದಿನ ರಿಯಾಯಿತಿ ಸಿಗಲಿಲ್ಲ.

ಮಾಲೀಕರನ್ನು ಗೇಲಿ ಮಾಡುವಾಗ ನಮ್ಮ ಬೆನ್ನು ನಮಗೆ ಕಾಣಲಿಲ್ಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ನಮ್ಮ ಪೇಟೆಯಲ್ಲಿ ಮರಾಠಿ ಭಾವಗೀತೆ ಬೇಕಾದಷ್ಟು, ಕನ್ನಡದ್ದು ಸಿಗುತ್ತಿರಲಿಲ್ಲ. ಬೆಂಗಳೂರಿನಿಂದ ಬಂದ ನೆಂಟರು ಒಂದು ತಂದರು. ಆ ಒಂದು ಕ್ಯಾಸೆಟ್ಟು ಟೂ-ಇನ್-ಒನ್ನಿನಲ್ಲಿ ನಕಲಾಗಿ ನಮ್ಮ ಕಟ್ಟಡದಲ್ಲಿ ಹನ್ನೆರಡಾಯಿತು. ಹನ್ನೆರಡು ಮನೆಗಳಲ್ಲಿ ಕನ್ನಡ ಕೇಳಿಸಿತೆಂಬ ಹೆಮ್ಮೆ ನಮಗೆ. ಹನ್ನೊಂದು ಕ್ಯಾಸೆಟ್ಟಿನ ಪಾಲು ಯಾರಿಗೆ ಹೋಗಬೇಕಿತ್ತು ಎಂಬ ಯೋಚನೆ ಬರಲಿಲ್ಲ. ಅದೇ ಅನಂತಸ್ವಾಮಿಯವರ ರಾಗವನ್ನು ಕರ್ನಾಟಕ ಸರಕಾರ 2022ರ ಜನವರಿಯಲ್ಲಿ ನಾಡಗೀತೆಯ ಅಧಿಕೃತ ರಾಗವೆಂದು ಗೊತ್ತುಪಡಿಸಿತು. ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದೂ ನಿಯಮವಾಯಿತು. ಅವರು ತೀರಿಕೊಂಡದ್ದು 1995ರಲ್ಲಿ. ನಾವು ಸಭೆ ಸಭೆಯಲ್ಲೂ ಎದ್ದುನಿಂತು ಹಾಡುತ್ತೇವೆ. ಎದ್ದುನಿಲ್ಲುವುದು ಕವಿಗೆ, ನಾಡಿಗೆ. ಆ ಕ್ಷಣದಲ್ಲಿ ರಾಗ ಹಾಕಿದವರನ್ನು ನೆನೆಯುವವರು ಎಷ್ಟು ಜನ?

2017ರಲ್ಲಿ ಇಳಯರಾಜರು, ಅಮೆರಿಕದಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ತಮ್ಮ ಅನುಮತಿಯಿಲ್ಲದೆ ತಮ್ಮ ಹಾಡುಗಳನ್ನು ಹಾಡಬಾರದೆಂದು ವಕೀಲರ ನೋಟೀಸು ಕಳಿಸಿದಾಗ ಊರೆಲ್ಲ ಗುಲ್ಲಾಯಿತು. ಕನ್ನಡದ ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿ ಪಳಗಿದವರು ಇಳಯರಾಜ. ಗೆಳೆಯನಿಗೆ ನೋಟೀಸು ಕಳಿಸುವುದೇ ಎಂದು ನಾವೂ ಚಹ ಕುಡಿಯುತ್ತ ‘ದುಡ್ಡಿನಾಸೆ’ ಎಂದಿದ್ದೆವು. ಗೆಳೆತನದ ಮಾತು ಬೇರೆ ಇರಲಿ. ಟಿಕೆಟ್ಟು ಮಾರುವ ವೇದಿಕೆಯಲ್ಲಿ ರಾಗಕ್ಕೂ ಒಬ್ಬ ಒಡೆಯನಿದ್ದಾನೆ ಎಂಬ ಮಾತಿನಲ್ಲಿ ಆಸೆಯೇನಿದೆ? ಈಗ ಹಾಗೆನ್ನಲು ನಮಗೆ ನಾಲಿಗೆ ಏಳುವುದಿಲ್ಲ.

ಇನ್ನು ನಮ್ಮ ವಿಷಯ. ವಕೀಲ ಮಿತ್ರರು ಕಾಯಿದೆ ತಿರುವಿ ಹಾಕಿ, ‘ನೀವು ಹೆದರಬೇಡಿ, ಹವ್ಯಾಸಿ ಸಂಘದವರು ಟಿಕೆಟ್ಟಿಲ್ಲದೆ ಸಭಿಕರ ಮುಂದೆ ಹಾಡಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದು 52ನೆಯ ಕಲಮಿನಲ್ಲೇ ಇದೆ’ ಎಂದರು. ಅಷ್ಟು ವರ್ಷ ನಮ್ಮ ವಾರ್ಷಿಕೋತ್ಸವಕ್ಕೆ ಪ್ರವೇಶ ಉಚಿತವೇ ಇತ್ತು. ಕಾನೂನಿನ ಕಣ್ಣಲ್ಲಿ ನಾವು ನಿರಪರಾಧಿಗಳು. ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಅವರು ಮುಂದುವರಿದರು. ‘ಆದರೆ ಈ ಸಲ ಟಿಕೆಟ್ಟಿದೆ. ಮಾಸ್ತರು ರಾಗ ಹಾಕಿದ್ದು ಸಿನಿಮಾಕ್ಕಲ್ಲ, ಸಂಬಳಕ್ಕಲ್ಲ, ಯಾರಿಗೂ ಬರೆದುಕೊಟ್ಟೂ ಇಲ್ಲ. ಹಾಗಾಗಿ ಆ ರಾಗಗಳು ಅವರವೇ. ಅವರ ಕಾಲಾನಂತರ ಅರವತ್ತು ವರ್ಷ ವಾರಸುದಾರರವು. ಅವರು ತೀರಿಕೊಂಡದ್ದು 2009ರಲ್ಲಿ ತಾನೆ? 2069ರ ಕೊನೆಯವರೆಗೆ ಲೆಕ್ಕ ಹಾಕಿಕೊಳ್ಳಿ. ಕವಿಗಳ ಕಡೆಯವರನ್ನೂ ಕೇಳಬೇಕು, ಅದು ಬೇರೆ ಮಾತು. ಅಂದಹಾಗೆ, ಸ್ವರ ಬರೆದಿಟ್ಟಿದ್ದಾರೆಯೇ? 1994ರ ತಿದ್ದುಪಡಿಯವರೆಗೂ ಬರೆದಿಟ್ಟ ಸಂಗೀತಕ್ಕೆ ಮಾತ್ರ ಕಾಯಿದೆ ಬೆಲೆ ಕೊಡುತ್ತಿತ್ತು.’

ಬರೆದಿಟ್ಟಿದ್ದಾರೆಯೇ? ಅದನ್ನು ತಿಳಿಯಲೆಂದು ಮುಂದಿನ ಭಾನುವಾರ ಕಲ್ಯಾಣಕ್ಕೆ ಹೋದೆವು. ಮಾಸ್ತರ ಹೆಂಡತಿ ಈಗ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಿವಿ ಮಂದ, ಮಾತು ಮಾತ್ರ ಹಿಂದಿನಷ್ಟೇ ಹರಿತ. ನಾವು ಅವರನ್ನು ಮೊದಲಿನಿಂದಲೂ ಅಕ್ಕ ಎಂದೇ ಕರೆಯುವುದು. ವಿಷಯ ತಿಳಿಸಿದಾಗ ಮಂಚದ ಕೆಳಗಿನ ಟ್ರಂಕು ಎಳೆಯಲು ಹೇಳಿದರು.

ಮೇಲೆಲ್ಲ ಶಾಲು. ಒಂದೊಂದೂ ಮಡಿಕೆ ಮುರಿಯದೆ, ನಡುವೆ ಡಾಂಬರು ಗುಳಿಗೆ. ಎಣಿಸಿದೆವು, ಹದಿನಾಲ್ಕು. ನಾವು ಬೆರಗಾದದ್ದನ್ನು ನೋಡಿ ಅಕ್ಕ ಹೇಳಿದರು. ‘ಏನ ಮಾಡ್ಲಿ ತಮ್ಮಾ, ಇಷ್ಟು ಶಾಲು ಹೊದ್ಕೊಳ್ಳಾಕ ಮುಂಬಯ್ಯಾಗ ಛಳೀನ ಇಲ್ಲಲ್ಲ!’

ಶಾಲುಗಳ ಕೆಳಗೆ ಮೂರು ಉದ್ದನೆಯ ರಿಜಿಸ್ಟರು. ಉಗ್ರಾಣದ ಕಾರಕೂನರ ಕೈ, ಮಣಿ ಪೋಣಿಸಿದಂಥ ಅಕ್ಷರ. ಒಂದೊಂದು ಪುಟದಲ್ಲಿ ಒಂದೊಂದು ಹಾಡು; ಪದದ ಮೇಲೆ ಸರಿಗಮ, ತಾಳದ ಗುರುತು. ಪುಟದ ಕೆಳಗೆ ಗೆರೆ ಎಳೆದು ಬೇರೆ ಲೆಕ್ಕ. ‘13-10-85. ತಾಲೀಮು. ರಿಕ್ಷಾ 5–00.’ ಹೀಗೆ ಒಂದರ ಕೆಳಗೊಂದು. ಕಾರ್ಯಕ್ರಮದ ದಿನದ ಮುಂದೆ ‘ಬಂದದ್ದು: ಶಾಲು 1, ಕಾಯಿ 1.’ ಎರಡು ವರ್ಷ ಶಾಲಿನ ಬದಲು ‘ಗೋಡೆ ಗಡಿಯಾರ 1’. ಬೇಸರದ ಒಂದು ಮಾತಿಲ್ಲ. ಉಗ್ರಾಣಕ್ಕೆ ಬಂದದ್ದು, ಹೋದದ್ದು ಬರೆಯುವ ಅಭ್ಯಾಸ, ಅದನ್ನೇ ಮಾಡಿದ್ದರು.

ನಾವು ಖಜಾಂಚಿಗಳು. ಕೂಡಿಸದೆ ಇರಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು, ಒಬ್ಬರು ಓದಿ, ಒಬ್ಬರು ಬರೆದುಕೊಂಡೆವು. 1981ರಿಂದ 1996ರವರೆಗೆ ಹಾಡು 41. ತಾಲೀಮು 312. ಹಾರ್ಮೋನಿಯಂ ಹೊತ್ತು ಠಾಕುರ್ಲಿಯಿಂದ ನಮ್ಮ ಮನೆಗೆ ಬಂದು ಹೋದ ರಿಕ್ಷಾದ ಖರ್ಚು 1,743 ರೂಪಾಯಿ. ಬಂದ ನಗದು ಸೊನ್ನೆ. ರಾಗ ಹಾಕುವವರಿಗೆ ಎಷ್ಟು ಸಿಗುತ್ತದೆ ಎಂದು 1987ರಲ್ಲಿ ಕೇಳಿದ್ದೆವಲ್ಲ, ಉತ್ತರ ಇಲ್ಲಿತ್ತು. ನಮ್ಮ ಡೊಂಬಿವಲಿಯ ಸಂಗೀತ ನಿರ್ದೇಶಕರ ಹದಿನಾರು ವರ್ಷದ ಗಳಿಕೆ, ಕಳೆ 1,743. ಕೊಡಾವ್ರನ್ನ ಕೇಳ್ರಿ ಎಂದದ್ದು ಹಾಸ್ಯವಾಗಿರಲಿಲ್ಲ. ಕೊಡಬೇಕಾದವರು ಎದುರಿಗೇ ಕುಳಿತು ಎಲೆಯಡಿಕೆ ನೀಡುತ್ತಿದ್ದರು.

ಆ ಸಂಜೆ ಮಗನಿಗೆ ಫೋನು ಮಾಡಿ ಎಲ್ಲ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಅವತ್ತು ನೀವು ಸರ್‌ಗೆ ಕೇಳಿದಾಗ ನಾನು ಬಾಗಿಲ ಹಿಂದೆ ಇದ್ದೆ’ ಎಂದ. ನಲವತ್ತು ವರ್ಷಗಳ ಹತ್ತಿರ ಬಂತು, ಎಂದೂ ಹೇಳಿರಲಿಲ್ಲ. ಮತ್ತೇನೂ ಅನ್ನಲಿಲ್ಲ. ‘ರಿಜಿಸ್ಟರಿನ ಫೋಟೋ ಕಳಿಸಿ, ಮಕ್ಕಳಿಗೆ ನಾನು ನುಡಿಸಿ ತೋರಿಸುತ್ತೇನೆ’ ಎಂದ. ಈಗ ಎರಡು ವಾರಕ್ಕೊಮ್ಮೆ ಡೆಕ್ಕನ್ ಕ್ವೀನ್ ಹಿಡಿದು ಬರುತ್ತಿದ್ದಾನೆ. ಮಂಚದ ಕೆಳಗಿನ ಹಾರ್ಮೋನಿಯಂ ಮೇಲೆ ಬಂದಿದೆ. ಒಂದು ಸ್ವರ ಹಿಡಿದರೆ ಬಿಡುವುದಿಲ್ಲ, ಹಳೆಯದಲ್ಲವೇ.

ಮುಂದಿನ ಸಭೆಯಲ್ಲಿ ವಿಷಯ ಮಂಡಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರೆಂದು ಬರೆದರೆ ಓದುಗರು ನಂಬುವುದಿಲ್ಲ. ಹಿರಿಯರೊಬ್ಬರು, ‘ಅವರು ಪ್ರೀತಿಯಿಂದ ಮಾಡಿದ್ದು. ಈಗ ದುಡ್ಡು ಕೊಟ್ಟರೆ ಆ ಪ್ರೀತಿಗೆ ಅವಮಾನ’ ಎಂದರು. ನಾವೇ ಹತ್ತಾರು ಸಲ ಆಡಿದ್ದ ಮಾತು ಅದು. ಹುಡುಗಿ ಮೆಲ್ಲಗೆ ಹೇಳಿದಳು. ‘ಮೈಕಿನ ಅಂಕಲ್ ಕೂಡ ಪ್ರೀತಿಯಿಂದಲೇ ಮಾಡ್ತಾರೆ ಅಜ್ಜಾ. ಅವರಿಗೆ ಅವಮಾನ ಆಗಲಿಲ್ಲವಲ್ಲ?’ ಇನ್ನೊಬ್ಬರು ಒಬ್ಬರಿಗೆ ಕೊಟ್ಟರೆ ನಾಳೆ ನಾಟಕ ಬರೆದವರು, ನೃತ್ಯ ಕಲಿಸಿದವರು, ಎಲ್ಲರೂ ಕೇಳುತ್ತಾರೆ ಎಂದರು. ಕೇಳಲಿ, ಕೇಳುವ ಮೊದಲೇ ಕೊಡುವ ಸಂಘವಾಗೋಣ ಎಂದೆವು. ವಾದ ಹತ್ತೂವರೆಯ ತನಕ ನಡೆಯಿತು. ಕೊನೆಗೆ ಎರಡು ಠರಾವು. ಟಿಕೆಟ್ಟಿನ ಹಣದಲ್ಲಿ ನೂರಕ್ಕೆ ಹತ್ತು ತೆಗೆದಿಟ್ಟು ಕವಿಗಳ ಕಡೆಯವರಿಗೂ ರಾಗ ಹಾಕಿದವರ ಕಡೆಯವರಿಗೂ ಸಮಪಾಲು. ಇನ್ನು ಮುಂದೆ ಯಾವ ಕಾರ್ಯಕ್ರಮದ ಅಂದಾಜು ಪಟ್ಟಿಯಲ್ಲೂ ‘ರಾಗ ಸಂಯೋಜನೆ’ ಎಂಬ ಸಾಲು ಖಾಲಿ ಇರಕೂಡದು. ಮೊತ್ತ ಚಿಕ್ಕದಿರಲಿ, ಸಾಲು ಇರಲಿ.

ಹಳೆಯ ರಿಕ್ಷಾದ 1,743 ರೂಪಾಯಿ ಸಂಘದ ಮೇಲೆ ಹಾಕಲಿಲ್ಲ. ಆ ವರ್ಷಗಳ ಪುಸ್ತಕಕ್ಕೆ ಸಹಿ ಹಾಕಿದವರು ನಾವು. ಇಷ್ಟು ವರ್ಷಕ್ಕೆ ಬ್ಯಾಂಕು ಎಷ್ಟು ಬಡ್ಡಿ ಕಟ್ಟುತ್ತಿತ್ತೋ ಲೆಕ್ಕ ಹಾಕಿ, ಅದನ್ನೂ ಸೇರಿಸಿ ಲಕೋಟೆಯಲ್ಲಿಟ್ಟು ಕಲ್ಯಾಣಕ್ಕೆ ಹೋದೆವು. ಅಕ್ಕ ಲಕೋಟೆ ಮುಟ್ಟಲಿಲ್ಲ. ‘ಇದು ಯಾತಕ್ಕ?’ ಎಂದರು.

‘ಮಾಸ್ತರ ರಿಕ್ಷಾದ್ದು ಅಕ್ಕಾ. ರಾಗದ್ದು ಟಿಕೆಟ್ಟು ಮಾರಿದ ಮೇಲೆ ಸಂಘದಿಂದ ಬರುತ್ತದೆ.’

ನಂಬಿಕೆ ಬರಲೆಂದು ಪಾವತಿ ಪುಸ್ತಕ ತೆಗೆದು ಮುಂದಿಟ್ಟೆವು. ಕೆಳಗೆ ಸಹಿ ಬೇಕು ಎಂದಾಗ ಅವರಿಗೆ ಇದು ದಾನವಲ್ಲ, ವ್ಯವಹಾರ ಎಂದು ಖಾತ್ರಿಯಾಯಿತೆಂದು ತೋರುತ್ತದೆ. ಮಗಳನ್ನು ಕರೆದು ಕನ್ನಡಕ ತರಿಸಿಕೊಂಡರು. ಪಾವತಿಯನ್ನು ಎರಡು ಸಲ ಓದಿದರು. ಒಂದೊಂದೇ ಅಕ್ಷರ ಬಿಡಿಸಿ, ಕನ್ನಡದಲ್ಲಿ ಸಹಿ ಮಾಡಿದರು. ಪುಸ್ತಕ ಹಿಂದಕ್ಕೆ ಕೊಡುತ್ತ ನಮ್ಮ ಕೈಚೀಲದ ಕಡೆ ಅನುಮಾನದಿಂದ ನೋಡಿದರು.

‘ಮತ್ತ ಶಾಲು ತಂದಿಲ್ಲ ಹೌದಲ್ಲ?’